ಇಲ್ಲದ ಶಾಸನವೊಂದರ ಕಥೆ

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಪ್ರೌಢಶಾಲೆಯಲ್ಲಿ ನನ್ನ ಬಳಿ ಕನ್ನಡ ಕಲಿತವನು, ಈಗ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕ. ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಕೆರೆಶಾಸನಗಳನ್ನು ಕುರಿತ ಸಂಶೋಧನ ಲೇಖನವೊಂದನ್ನು ಪತ್ರಿಕೆಗೆ ಕಳುಹಿಸುವ ಮುನ್ನ, "ಮೇಷ್ಟ್ರೇ, ಭಾಷೆಯ ತಪ್ಪುಗಳಿದ್ದರೆ ತಿದ್ದಿಕೊಡಿ" ಎಂದು ಕೈಗಿತ್ತ. ಓದಿದೆ. ತಿದ್ದುವುದಕ್ಕೆ ಏನೂ ಇರಲಿಲ್ಲ. ಅದೇ ನನ್ನಲ್ಲಿ ಅನುಮಾನ ಹುಟ್ಟಿಸಿತು. ಏಕೆಂದರೆ ಇವನ ಅಲ್ಪಪ್ರಾಣ, ಮಹಾಪ್ರಾಣಗಳ ಜಗಳವನ್ನು ಮೂರು ವರ್ಷ ಕೆಂಪು ಶಾಯಿಯಲ್ಲಿ ಬಿಡಿಸಿದವನು ನಾನು.

ನಮ್ಮ ಸೀಮೆಯ ಶಾಸನಗಳಿಗೆ ಮುಖ್ಯ ಆಕರವೆಂದರೆ ಬಿ.ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು ೨೦೦೭ರಲ್ಲಿ. ಅದಕ್ಕೆ ಮೊದಲು ನಾವೆಲ್ಲ ಕೋಲಾರದವರೇ, ಆದ್ದರಿಂದ ಸಂಪುಟದ ಮೇಲಿರುವುದೂ ಕೋಲಾರದ ಹೆಸರೇ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ಉಲ್ಲೇಖವೊಂದನ್ನು ಪರೀಕ್ಷಿಸಲು ಐದು ನಿಮಿಷ ಸಾಕು. ಶಿಷ್ಯನ ಲೇಖನವು ಶಿಡ್ಲಘಟ್ಟ ತಾಲ್ಲೂಕಿನ ಒಂದು ಶಾಸನಸಂಖ್ಯೆಯನ್ನು ಕೊಟ್ಟು, ಕೆರೆಗೆ ತೂಬು ಕಟ್ಟಿಸಿದ ಹೆಣ್ಣುಮಗಳೊಬ್ಬಳ ಕಥೆಯನ್ನು ಸೊಗಸಾಗಿ ಹೇಳಿತ್ತು. ಅವನ ವಾದದ ಅರ್ಧ ಭಾರ ಆಕೆಯ ಮೇಲೆಯೇ ನಿಂತಿತ್ತು. ಸಂಪುಟ ತೆರೆದರೆ ಆ ಸಂಖ್ಯೆಯಡಿ ಇದ್ದದ್ದು ಬೇರೆಯೇ ಶಾಸನ. ಶಿಡ್ಲಘಟ್ಟದ ಭಾಗವನ್ನೆಲ್ಲ ಪುಟಪುಟವಾಗಿ ತಿರುವಿದೆ. ಆ ತಾಯಿ ಎಲ್ಲಿಯೂ ಸಿಗಲಿಲ್ಲ.

"ಇದನ್ನು ಎಲ್ಲಿ ನೋಡಿದೆಯಪ್ಪಾ?" ಎಂದು ಕೇಳಿದೆ. ಚಾಟ್‌ಜಿಪಿಟಿ ಕೊಟ್ಟದ್ದೆಂದು ತಲೆ ತಗ್ಗಿಸಿದ. ಬಡ್ತಿಗೆ ಪ್ರಕಟಣೆಗಳು ಬೇಕು, ಸಂಪುಟಗಳನ್ನು ಹುಡುಕಲು ಬಿಡುವಿಲ್ಲ. "ಹೋಲಿಕೆ ಹಿಡಿಯುವ ತಂತ್ರಾಂಶಕ್ಕೆ ಹಾಕಿ ನೋಡಿದ್ದೇನೆ ಮೇಷ್ಟ್ರೇ, ಶೇಕಡ ಹತ್ತು ದಾಟಿಲ್ಲ" ಎಂದು ನನಗೇ ಸಮಾಧಾನ ಹೇಳಿದ.

ಅವನ ಸಮಾಧಾನವೇ ನನ್ನನ್ನು ಹೆಚ್ಚು ಕಾಡಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೧೮ರ ನಿಯಮದಂತೆ ಶೇಕಡ ೧೦ರವರೆಗಿನ ಹೋಲಿಕೆಗೆ ದಂಡವಿಲ್ಲ. ಪ್ರಬಂಧದಲ್ಲಿ ಅದು ೬೦ ಮೀರಿದರೆ ಸಂಶೋಧನ ವಿದ್ಯಾರ್ಥಿಯ ನೋಂದಣಿಯೇ ರದ್ದು. ಇದು ಕದ್ದವನನ್ನು ಹಿಡಿಯಲು ಮಾಡಿದ ನಿಯಮ. ಕದಿಯಬೇಕಾದರೆ ಮೂಲವೊಂದು ಇರಬೇಕಲ್ಲವೆ? ಇಲ್ಲದ ಶಾಸನ ಯಾವುದನ್ನೂ ಹೋಲುವುದಿಲ್ಲ. ಸುಳ್ಳು ಹೊಸದಾದಷ್ಟೂ ವರದಿ ಶುದ್ಧವಾಗಿ ಬರುತ್ತದೆ.

ಇದು ನಮ್ಮಂಥ ಊರುಗಳ ಬಡತನವೆಂದು ಭಾವಿಸಬೇಕಿಲ್ಲ. ಲಿಥಿಯಂ ಬ್ಯಾಟರಿಯನ್ನು ಕುರಿತ ಲೇಖನವೊಂದರ ಪೀಠಿಕೆಯಲ್ಲಿ, ಕೇಳಿದ್ದನ್ನು ಬರೆದುಕೊಡುತ್ತೇನೆಂದು ಯಂತ್ರ ಹೇಳುವ ಒಪ್ಪಿಗೆಯ ಮಾತೇ ಮೊದಲ ವಾಕ್ಯವಾಗಿ ಉಳಿದುಹೋದದ್ದು ೨೦೨೪ರ ಮಾರ್ಚ್‌ನಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅದು ಅಂತರರಾಷ್ಟ್ರೀಯ ಪತ್ರಿಕೆ. ಲೇಖಕರು, ಪರಿಶೀಲಕರು, ಸಂಪಾದಕರು ಇಷ್ಟು ಜನರಲ್ಲಿ ಒಬ್ಬರೂ ಮೊದಲ ಸಾಲನ್ನು ಓದಿರಲಿಲ್ಲ! ನಮ್ಮ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಹೇಳುವುದಿಲ್ಲ.

ನೇಚರ್ ಪತ್ರಿಕಾ ಬಳಗವು ೨೦೨೩ರ ಜನವರಿಯಲ್ಲಿಯೇ ಇಂತಹ ಯಂತ್ರಗಳನ್ನು ಲೇಖಕರೆಂದು ಒಪ್ಪುವುದಿಲ್ಲವೆಂದು ಸಾರಿತು. ಬರೆದುದಕ್ಕೆ ಹೊಣೆ ಹೊರಲು ಅವಕ್ಕೆ ಬರುವುದಿಲ್ಲವೆಂಬುದೇ ಕಾರಣ. ಈ ಹೊಣೆಯ ರುಚಿ ನನಗೆ ಗೊತ್ತು. ಹಿಂದೊಮ್ಮೆ ಶಾಲೆಯ ಸ್ಮರಣಸಂಚಿಕೆಗೆ, ಹಿರಿಯರೊಬ್ಬರ ಮಾತು ನಂಬಿ, ಊರ ಗುಡಿಯನ್ನು ಚೋಳರು ಕಟ್ಟಿಸಿದರೆಂದು ಬರೆದೆ. ಅದು ಜಾತ್ರೆಯ ಕರಪತ್ರಕ್ಕೆ ಹೋಯಿತು, ಅಲ್ಲಿಂದ ಗುಡಿಯ ಫಲಕಕ್ಕೆ. ಆಧಾರವೇನೆಂದು ಒಬ್ಬರು ಮನೆಗೇ ಬಂದು ಕೇಳಿದಾಗ ತಪ್ಪೊಪ್ಪಿಕೊಂಡೆ. ಫಲಕ ಇನ್ನೂ ಅಲ್ಲಿಯೇ ಇದೆ. ಆದರೂ ಕೇಳಲು ಒಂದು ಮನೆ, ಒಬ್ಬ ಮನುಷ್ಯ ಇದ್ದ. ತೂಬಿನ ತಾಯಿಯನ್ನು ನಂಬಿ ನಾಳೆ ಬರೆಯುವವರು ಯಾರ ಬಾಗಿಲು ತಟ್ಟಬೇಕು?

ಯಂತ್ರವನ್ನು ಮುಟ್ಟಲೇಬಾರದೆಂದು ನಾನು ಹೇಳುವವನಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪತ್ರಿಕೆಗೆ ಇಂಗ್ಲಿಷ್: ನಮ್ಮ ಗಡಿಸೀಮೆಯ ಎಷ್ಟೋ ಅಧ್ಯಾಪಕರ ಪಾಡು ಇದು. ತನ್ನದೇ ವಿಚಾರದ ಇಂಗ್ಲಿಷನ್ನು ಯಂತ್ರದಿಂದ ತಿದ್ದಿಸಿಕೊಂಡು, ಹಾಗೆ ಮಾಡಿದೆನೆಂದು ಲೇಖನದಲ್ಲಿಯೇ ತಿಳಿಸಿದರೆ ಅದರಲ್ಲಿ ನಾಚಿಕೆಯೇನಿದೆ? ಆದರೆ ಆಧಾರವನ್ನು ಯಂತ್ರದಿಂದ ಪಡೆಯಕೂಡದು; ಪಡೆದರೂ ಮೂಲವನ್ನು ಕಣ್ಣಾರೆ ಕಾಣದೆ ಅಚ್ಚಿಗೆ ಕೊಡಕೂಡದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಗಾಳಿಯಿಂದ ಶಾಸನ ತೆಗೆದುಕೊಡುವ ಈ ಪೆಟ್ಟಿಗೆಯನ್ನು ಅವರು ಸುಮ್ಮನೆ ಬಿಡುತ್ತಿದ್ದರೆಂದು ನನಗೆ ತೋರುವುದಿಲ್ಲ.

ಶಿಷ್ಯ ಸಂಪುಟವನ್ನು ಒಯ್ದ. ಮೊನ್ನೆ ದೂರವಾಣಿಯಲ್ಲಿ ಮಾತನಾಡಿದ. ಹನ್ನೆರಡು ಪುಟದ ಲೇಖನ ಏಳಕ್ಕೆ ಇಳಿದಿದೆಯಂತೆ, ಈ ಬಾರಿಯ ಬಡ್ತಿಯ ಅರ್ಜಿಗೆ ಅದು ಒದಗುವುದಿಲ್ಲವಂತೆ. ದನಿಯಲ್ಲಿ ಬೇಸರವಿತ್ತು, ನಾನೂ ಹೆಚ್ಚು ಹೇಳಲಿಲ್ಲ. ನಿನ್ನೆ ಹೊಸ ಪ್ರತಿ ಬಂದಿದೆ. ಮೊದಲ ಪುಟದಲ್ಲಿಯೇ ಮಹಾಪ್ರಾಣದ ನಾಲ್ಕು ತಪ್ಪುಗಳಿವೆ.