ಕಡಲ ಕಾವಲಿಗೆ ಸಾಗಣೆ ವಿಮಾನ

ಒಂದು ಕಾರ್ಯಕ್ಕೆಂದು ನಿರ್ಮಿಸಿದ ಸಾಧನವನ್ನು ಮತ್ತೊಂದಕ್ಕೆ ಅಳವಡಿಸಿಕೊಳ್ಳುವುದು ಬಡತನದ ಲಕ್ಷಣವೆಂದು ಕೆಲವರು ಭಾವಿಸುವುದುಂಟು. ನನ್ನ ದೃಷ್ಟಿಯಲ್ಲಿ ಅದು ವಿವೇಕದ ಲಕ್ಷಣ. ಎರಡನೆಯ ಮಹಾಯುದ್ಧದ ಬಳಿಕ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್ ಬಾಂಬರುಗಳಿಗೆ 1948ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಮರುಜೀವ ನೀಡಿತು. 1968ರವರೆಗೆ ಸೇವೆಯಲ್ಲಿದ್ದ ಅವು ಕಡಲ ಕಾವಲನ್ನೂ ನಿರ್ವಹಿಸಿದವು.

ತುಂಗಭದ್ರೆಯ ತೀರದ ಹಲವಾಗಲಿನಂತಹ ಊರುಗಳಿಗೆ ಕಡಲು ಬಹುದೂರ. ಆದರೆ 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ‘ಖುಕ್ರಿ’ ನೌಕೆಯನ್ನು ಮುಳುಗಿಸಿದಾಗ ಮಡಿದ ವೀರರು ದೇಶದ ನಾನಾ ಊರುಗಳ ಮಕ್ಕಳು. ಆ ನಷ್ಟ ಎಲ್ಲರದು.

ಸೈನಿಕ ಸಾಗಣೆ ವಿಮಾನದ ಒಡಲು ವಿಶಾಲ. ಅದು ಬಹುಹೊತ್ತು ಹಾರಬಲ್ಲದು. ರೇಡಾರನ್ನೂ, ನೀರಿನಾಳದ ಸದ್ದನ್ನು ಆಲಿಸುವ ತೇಲುಯಂತ್ರಗಳನ್ನೂ, ಜಲಾಂತರ್ಗಾಮಿಯ ಉಕ್ಕಿನಿಂದ ಭೂಕಾಂತತೆಯಲ್ಲಾಗುವ ವ್ಯತ್ಯಾಸವನ್ನು ಗುರುತಿಸುವ ಉಪಕರಣವನ್ನೂ ಅದಕ್ಕೆ ಜೋಡಿಸಬಹುದು. 2024ರಲ್ಲಿ ತಾತ್ವಿಕ ಒಪ್ಪಿಗೆ ದೊರೆತ ನಮ್ಮ ಹೊಸ ಕಡಲ ಕಾವಲು ವಿಮಾನಗಳಿಗೂ ಸಿ-295 ಎಂಬ ಸಾಗಣೆ ವಿಮಾನವೇ ಆಧಾರ.

ವಿಮಾನದ ಒಡಲನ್ನು ಪರರಿಂದ ಪಡೆಯಬಹುದು. ಅದರ ಕಣ್ಣು ಕಿವಿಗಳು ಮಾತ್ರ ನಮ್ಮವೇ ಆಗಿರಬೇಕು. ಏಕೆಂದರೆ ನಮ್ಮ ಬೆಚ್ಚನೆಯ ಕಡಲಿನಲ್ಲಿ ಸದ್ದು ಸಾಗುವ ಬಗೆ ಶೀತಸಾಗರಗಳಲ್ಲಿ ಸಾಗುವಂತಲ್ಲ. ತನ್ನ ಕಡಲನ್ನು ತಾನೇ ಅರಿತ ನಾಡು ಮಾತ್ರ ಅದನ್ನು ಕಾಯಬಲ್ಲದು.