ಮೊದಲು ಮುಳ್ಳು, ಆಮೇಲೆ ಆಂಪ್ಲಿಫೈಯರ್ರು

ಕೊಪ್ಪಳದ ನಮ್ಮನೇಲಿ ಅಜ್ಜನ ಕಾಲದ ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಪ್ಲೇಟುಗಳಿವೆ. ಹಾಕಿದ್ರೆ ಹಾಡಿಗಿಂತ ಕರಕರ ಸದ್ದೇ ಜಾಸ್ತಿ. "ಆಂಪ್ಲಿಫೈಯರ್ ಬದಲಿ ಮಾಡಪಾ" ಅಂತ ಮಾವ ಗಂಟುಬಿದ್ದಿದ್ರು. ನಾನು ಒಪ್ಪಲಿಲ್ಲ.

ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್. 78ರ ಅಗಲವಾದ ಗೀರಿಗೆ ಬೇಕಾದ್ದು 75ರ ಆಸುಪಾಸು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಧೂಳನ್ನೇ ಓದುತ್ತೆ. ದೊಡ್ಡ ಆಂಪ್ಲಿಫೈಯರ್ ತಂದ್ರೆ ಅದೇ ಧೂಳು ಇನ್ನೂ ಜೋರಾಗಿ ಕೇಳುತ್ತೆ, ಅಷ್ಟೇ! (ನಮ್ಮೂರಲ್ಲಿ ಧೂಳಿಗೇನು ಬರವೇ? :))

ಅಂದಹಾಗೆ, ಈ ಪ್ಲೇಟುಗಳು ಅರಗಿನವು. ಸ್ಪಿರಿಟ್ ಹಚ್ಚಿ ಒರೆಸಿದ್ರೆ ಅರಗೇ ಕರಗುತ್ತೆ. ಹಾಗೆ ಒಂದನ್ನ ನಾನೇ ಹಾಳುಮಾಡಿದೆ... ಅಜ್ಜನಿಗೆ ತುಂಬಾ ಇಷ್ಟವಾಗಿದ್ದದ್ದು.

ಉಳಿದವಕ್ಕೆ ಅಂತ ಅದೇ ಕಾರ್ಟ್ರಿಜ್ಜಿಗೆ ಕೂರೋ 78ರ ಮುಳ್ಳು ತರಿಸಿದೆ. ಕರಕರ ಪೂರ್ತಿ ಹೋಗಿಲ್ಲ, ಆದ್ರೆ ಈಗ ಮನ್ಸೂರರ ದನಿ ಅದರ ಮುಂದಿದೆ. ಮಾವ ಸುಮ್ಮನಾಗಿಲ್ಲ, ಸ್ಪೀಕರ್ ಮಾತು ಎತ್ತಿದ್ದಾರೆ.