ಹವ್ಯಾಸ: ಚುಕ್ಕೆ ಹೋಯಿತು, ರೋಗ ಹೋಯಿತೆ?

ಚಳಿಗಾಲದಲ್ಲಿ ಮೀನು ಸಾಕುವ ಮಿತ್ರರು ಹೆಚ್ಚಾಗಿ ಕೇಳುವ ಪ್ರಶ್ನೆ: "ಮೀನಿನ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಚುಕ್ಕೆ ಎದ್ದಿದೆ, ಏನು ಮಾಡಲಿ?" ಇದು ಬಿಳಿಚುಕ್ಕೆ ರೋಗ, ಅಂಗಡಿಯವರು 'ಇಕ್' ಎನ್ನುತ್ತಾರೆ. ಮೀನು ಕಲ್ಲಿಗೆ ಮೈ ಉಜ್ಜುವುದು, ರೆಕ್ಕೆ ಮುದುರುವುದು, ಏದುಸಿರು ಬಿಡುವುದು ಉಳಿದ ಲಕ್ಷಣಗಳು.

ಔಷಧಿ ಹಾಕಿ ಮೂರು ದಿನಕ್ಕೆ ಚುಕ್ಕೆ ಮಾಯವಾದರೆ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಪಾಯ ಇರುವುದು ಅಲ್ಲೇ. ಚುಕ್ಕೆಯೊಳಗಿನ ಪರೋಪಜೀವಿ ಬಲಿತ ಮೇಲೆ ತಾನಾಗಿಯೇ ಕಳಚಿ ತಳ ಸೇರುತ್ತದೆ. ಒಂದು ನೂರಾರಾಗಿ ಒಡೆದು, ಮರಿಗಳು ಮತ್ತೆ ಮೀನನ್ನು ಹುಡುಕಿ ಹೊರಡುತ್ತವೆ. ಔಷಧಿಗೆ ಸಾಯುವುದು ಹೀಗೆ ಈಜುವ ಮರಿಗಳು, ಚರ್ಮದಡಿ ಅಡಗಿದವಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಸುತ್ತು ಮುಗಿಯಲು ಹೆಚ್ಚೆಂದರೆ ಒಂದು ವಾರ; ತಣ್ಣೀರಿನಲ್ಲಿ ಹಲವು ವಾರ. ಆದ್ದರಿಂದ ಸೀಸೆಯ ಮೇಲೆ ಬರೆದಷ್ಟು ದಿನವೂ ತಪ್ಪದೆ ಇಡೀ ತೊಟ್ಟಿಗೆ ಔಷಧಿ ಹಾಕಿ. ಫಿಲ್ಟರಿನ ಇದ್ದಿಲನ್ನು ಮೊದಲೇ ತೆಗೆದಿಡಿ, ಅದು ಔಷಧಿಯನ್ನು ಹೀರಿಬಿಡುತ್ತದೆ. ಗಾಳಿಯ ಪಂಪು ಸದಾ ನಡೆಯುತ್ತಿರಲಿ.

ಬಾರದಂತೆ ತಡೆಯಲು:

1. ಹೊಸ ಮೀನನ್ನು ಮೂರು-ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ. ಅದರ ಬಲೆ, ಬಕೆಟ್ಟು ಬೇರೆಯೇ ಇರಲಿ.

2. ಅಂಗಡಿಯ ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

3. ನೀರು ಬದಲಿಸುವಾಗ ಥರ್ಮಾಮೀಟರ್ ಹಿಡಿದು ಬಿಸಿ ಸರಿಹೊಂದಿಸಿ, ಕ್ಲೋರಿನ್ ನಿವಾರಕ ಬೆರೆಸಿ. ಥಟ್ಟನೆ ತಣ್ಣಗಾದರೆ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ.

ಅಂಗಡಿಯಲ್ಲಿ ಒಂದು ಮೀನಿನ ಮೈಮೇಲೆ ಚುಕ್ಕೆ ಕಂಡರೂ ಆ ತೊಟ್ಟಿಯ ಮೀನು ಬೇಡ. ಮಕ್ಕಳು ಎಷ್ಟೇ ಹಟ ಮಾಡಲಿ, ಬರಿಗೈಯಲ್ಲಿ ಬನ್ನಿ. ಮನೆಯಲ್ಲಿರುವ ಮೀನು ಉಳಿಯುತ್ತವೆ.